ಸರ್, ಕಾಲು ಇಲ್ಲಿದೆ

ನನ್ನ ಎಡ ಕಿಡ್ನಿಯಲ್ಲಿ 5 ಮಿಲಿಮೀಟರಿನ ಒಂದು ಕಲ್ಲಿದೆ ಎನ್ನುವುದು ಇಬ್ಬರಿಗೆ ಮಾತ್ರ ಗೊತ್ತಿದ್ದ ಗುಟ್ಟು. ಒಬ್ಬರು ಶಿವಮೊಗ್ಗದಲ್ಲಿ ಸ್ಕ್ಯಾನಿಂಗ್ ಮಾಡಿದ ಡಾಕ್ಟರು, ಇನ್ನೊಬ್ಬ ನಾನು. ರಿಪೋರ್ಟನ್ನು ತೀರ್ಥಹಳ್ಳಿಯ ಮನೆಗೆ ತಂದವನೇ ಹೋದ ವರ್ಷದ ಪಂಚಾಂಗದೊಳಗೆ ಇಟ್ಟು, ಪಂಚಾಂಗವನ್ನು ಹಳೇ ಪೇಪರಿನ ಕಟ್ಟಿನ ತಳಕ್ಕೆ ತುರುಕಿ, ಏನೂ ಆಗದವನ ಹಾಗೆ ಕಾಫಿ ಕೇಳಿದೆ.

ಡಾಕ್ಟರು ಹೇಳಿದ್ದು ಇಷ್ಟೇ: ‘ನೀರು ಜಾಸ್ತಿ ಕುಡೀರಿ, ಮೂರು ತಿಂಗಳು ಬಿಟ್ಟು ಬನ್ನಿ, ನೋಡೋಣ.’ ಆ ‘ನೋಡೋಣ’ದಲ್ಲೇ ನನಗೆ ಕತ್ತರಿಯ ಸದ್ದು ಕೇಳಿಸಿಬಿಟ್ಟಿತು. ಬ್ಯಾಂಕಿನಲ್ಲಿ 34 ವರ್ಷ ದುಡಿದವನು ನಾನು. ಸಾಲ ವಸೂಲಿಗೆ ಹೋದಾಗ ನಾಯಿ ಛೂ ಬಿಟ್ಟವರ ಮನೆಗೂ ಎರಡನೇ ಸಲ ಹೋಗಿ ಬಂದಿದ್ದೇನೆ. ಆದರೆ ಸಿರಿಂಜು ಹಿಡಿದ ನರ್ಸಮ್ಮ ಎದುರು ಬಂದರೆ ಕುರ್ಚಿ ಹುಡುಕುತ್ತೇನೆ. ಮೂರು ತಿಂಗಳಾಯಿತು, ಎಂಟಾಯಿತು. ನಾನು ಆ ಕಡೆ ತಲೆ ಹಾಕಲಿಲ್ಲ.

ಇದೇ ಹೊತ್ತಿಗೆ ನಮ್ಮವಳಿಗೆ ಬಾಳೆದಿಂಡಿನ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿಕೊಂಡಿತು. ಸೋಮವಾರ ದಿಂಡಿನ ಪಲ್ಯ, ಮಂಗಳವಾರ ದಿಂಡಿನ ಕೋಸಂಬರಿ, ಬುಧವಾರ ದಿಂಡಿನ ಮೊಸರು ಗೊಜ್ಜು. ಬಾಯಿರುಚಿ ಬದಲಾಗಲೆಂದು ನಡುನಡುವೆ ಹುರುಳಿಕಟ್ಟಿನ ಸಾರು. ಗಾಳಿಮಳೆಗೆ ಹಿತ್ತಲ ಬಾಳೆ ಬಿದ್ದಿರಬೇಕು, ಹಾಳು ಮಾಡುವ ಪೈಕಿಯಲ್ಲ ಇವಳು ಎಂದುಕೊಂಡು ಉಂಡೆ. ಮಗನನ್ನು ನೋಡಲು ಲಂಡನ್ನಿಗೆ ಹೋದಾಗ, ವೆಂಬ್ಲಿಯ ಈಲಿಂಗ್ ರೋಡಿನ ಅಂಗಡಿಗಳನ್ನೆಲ್ಲ ಜಾಲಾಡಿ, ಪೌಂಡು ಎಣಿಸಿ ಕೊಟ್ಟು ಅಲ್ಲೂ ಬಾಳೆದಿಂಡು ತಂದಳು. ಆಗಲೂ ನನಗೆ ಅನುಮಾನ ಬರಲಿಲ್ಲ. ಲೆಡ್ಜರಿನಲ್ಲಿ ಒಂದು ಪೈಸೆ ಹೆಚ್ಚುಕಡಿಮೆಯಾದರೂ ಮೂಸಿ ಹಿಡಿಯುತ್ತಿದ್ದೆ ಎಂದು ನಾನು ಈಗಲೂ ಊರಲ್ಲಿ ಜಂಬ ಕೊಚ್ಚುವುದುಂಟು.

ಲಂಡನ್ನಿಗೆ ಹೋದ ಕನ್ನಡಿಗರು ಮಾಡುವ ಕೆಲಸವನ್ನು ನಾವೂ ಮಾಡಿದೆವು. ಥೇಮ್ಸ್ ದಂಡೆಯಲ್ಲಿ, 2015ರ ನವೆಂಬರಿನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ ಬಸವಣ್ಣನವರ ಪ್ರತಿಮೆಗೆ ಕೈಮುಗಿದು ಫೋಟೋ ಹೊಡೆಸಿಕೊಂಡೆವು. ಅಲ್ಲಿಂದ ನದಿಯ ಪಕ್ಕದಲ್ಲೇ ಪಾರ್ಲಿಮೆಂಟಿನ ದಿಕ್ಕಿಗೆ ನಡೆಯುತ್ತಿದ್ದಾಗ ಎಷ್ಟು ದೂರ ಹೋದರೂ ಮುಗಿಯದ ಒಂದು ಆಸ್ಪತ್ರೆ ಸಿಕ್ಕಿತು.

‘ಇದು ಸೇಂಟ್ ಥಾಮಸ್ ಆಸ್ಪತ್ರೆ ಮಾವ,’ ಎಂದಳು ಸೊಸೆ. ‘1871ರಲ್ಲಿ ಇಲ್ಲಿಗೆ ಬಂತು. ಮೊದಲು ಲಂಡನ್ ಬ್ರಿಡ್ಜ್ ಹತ್ತಿರ ಇತ್ತಂತೆ, ನೂರಾರು ವರ್ಷ. ಅಲ್ಲಿ ಒಂದು ಚರ್ಚಿನ ಅಟ್ಟದ ಮೇಲೆ ಹಳೇ ಆಪರೇಷನ್ ಥಿಯೇಟರ್ ಉಳಿದುಕೊಂಡಿದೆ. ಈಗ ಮ್ಯೂಸಿಯಂ ಮಾಡಿದ್ದಾರೆ. ನಿಮಗೆ ಹೆದರಿಕೆ ಆಗಲ್ಲ ಅಂದ್ರೆ ಶನಿವಾರ ಹೋಗ್ಬಹುದು.’

ಹೆದರಿಕೆ! ಡಾಕ್ಟರುಗಳೆಲ್ಲ ಸತ್ತು ನೂರೈವತ್ತು ವರ್ಷ ಕಳೆದಿರುವ ಆಸ್ಪತ್ರೆಗೆ ಹೆದರುವುದೇನು? ನನ್ನ ಲೆಕ್ಕದಲ್ಲಿ ಇಡೀ ಪ್ರಪಂಚದಲ್ಲಿ ನಾನು ನಿಶ್ಚಿಂತೆಯಿಂದ ಕಾಲಿಡಬಹುದಾದ ಆಸ್ಪತ್ರೆ ಅದೊಂದೇ. ‘ಅವಶ್ಯ ಹೋಗೋಣ,’ ಎಂದೆ. ಇವಳು ನನ್ನ ಮುಖವನ್ನೊಮ್ಮೆ ನೋಡಿ, ಏನೂ ಹೇಳದೆ, ಮುಂದೆ ನಡೆದಳು.

ಶನಿವಾರ ಬೆಳಗ್ಗೆ ಎದ್ದಾಗಲೇ ಎಡಸೊಂಟದ ಮೇಲೆ ಸಣ್ಣಗೆ ಏನೋ ಹಿಡಿದುಕೊಂಡ ಹಾಗಿತ್ತು. ಇವಳು ಕೊಟ್ಟ ಒಂದು ಚೊಂಬು ಬಾರ್ಲಿ ನೀರು ಕುಡಿದು, ಜುಬಿಲಿ ಲೈನಿನ ರೈಲು ಹತ್ತಿ, ಲಂಡನ್ ಬ್ರಿಡ್ಜಿನಲ್ಲಿ ಇಳಿದೆವು. ಕತ್ತೆತ್ತಿದರೆ ಶಾರ್ಡ್ ಎಂಬ ಗಾಜಿನ ಗೋಪುರ, ತಗ್ಗಿಸಿದರೆ ಸೇಂಟ್ ಥಾಮಸ್ ಬೀದಿ. ಕವಿ ಕೀಟ್ಸ್ ಪಕ್ಕದ ಗೈಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಓದುತ್ತಿದ್ದಾಗ ಇದೇ ಬೀದಿಯಲ್ಲಿ ರೂಮು ಮಾಡಿದ್ದ. ಓದು ಮುಗಿಸಿ, ಕತ್ತಿ ಕೆಳಗಿಟ್ಟು, ಕವಿತೆ ಹಿಡಿದ. ನನಗೆ ಇಂಗ್ಲಿಷ್ ಕವಿಗಳಲ್ಲಿ ಪೂರ್ತಿ ಅರ್ಥವಾದವನು ಅವನೊಬ್ಬನೇ, ಅದೂ ಈ ಒಂದು ವಿಷಯದಲ್ಲಿ.

ಮಗ ಸೊಸೆ ಆ ಮ್ಯೂಸಿಯಂ ಮೊದಲೇ ನೋಡಿದ್ದರು. ‘ನಾವು ಬರೋ ಮಾರ್ಕೆಟ್ಟಲ್ಲಿ ಕಾಫಿ ಕುಡೀತಿರ್ತೀವಿ, ಮುಗಿದ ಮೇಲೆ ಫೋನ್ ಮಾಡಿ,’ ಎಂದು ಬಾಗಿಲ ಬುಡದಲ್ಲಿ ಬಿಟ್ಟರು. ‘ಇದು ಬರೋ ಮಾರ್ಕೆಟ್ಟಾದ್ರೆ ಹೋಗೋ ಮಾರ್ಕೆಟ್ ಎಲ್ಲಿದೆಯೋ?’ ಎಂದು ಇವಳು ಕೇಳಿದ್ದಕ್ಕೆ ಮಗ ಉತ್ತರಿಸಲಿಲ್ಲ.

ಒಳಗೆ ಸುರುಳಿ ಮೆಟ್ಟಿಲು, ಒಟ್ಟು 52. ಎದುರಿನಿಂದ ಒಬ್ಬರು ಇಳಿದು ಬಂದರೆ ಇಬ್ಬರಲ್ಲಿ ಒಬ್ಬರು ಹಿಂದಕ್ಕೆ ಹೋಗಬೇಕು, ಅಷ್ಟು ಇಕ್ಕಟ್ಟು. ಅಟ್ಟ ಹತ್ತಲಾರದವನು ಬೆಟ್ಟ ಹತ್ತಿಯಾನೇ ಎನ್ನುತ್ತಾರೆ. ನಾನು ಕುಂದಾದ್ರಿ ಬೆಟ್ಟವನ್ನು ಎಷ್ಟೋ ಸಲ ಹತ್ತಿದವನು, ಈ ಅಟ್ಟಕ್ಕೆ ಸೋತೆ. ಮೂವತ್ತನೇ ಮೆಟ್ಟಿಲಿಗೆ ಬರುವಾಗ ಎಡ ಪಕ್ಕೆಯಲ್ಲಿ ಯಾರೋ ಒಳಗಿನಿಂದ ಬಾಗಿಲು ತಟ್ಟಿದ ಹಾಗಾಯಿತು. ಗೋಡೆ ಹಿಡಿದು ನಿಂತೆ.

‘ಏನಾಯ್ತುರೀ?’

‘ಕಟ್ಟಡದ ವಾಸ್ತು ನೋಡ್ತಿದೀನಿ ಕಣೇ.’

‘ನೋಡಿ, ನೋಡಿ,’ ಎಂದಳು. ದನಿಯಲ್ಲಿ ಏನೋ ಇತ್ತು.

ಮೇಲೆ ಹತ್ತಿ ನೋಡಿದರೆ, ಸಾಕ್ಷಾತ್ ನಮ್ಮಜ್ಜಿ ಮನೆಯ ಅಟ್ಟ! ಇಳಿಜಾರು ಮಾಡು, ಅಡ್ಡಡ್ಡ ತೊಲೆಗಳು, ಮರದ ನೆಲ, ತೂಗುಬಿಟ್ಟ ಒಣ ಸೊಪ್ಪುಸದೆ, ಬೇರು, ಬೀಜ. 18ನೇ ಶತಮಾನದ ಮೊದಲ ವರ್ಷಗಳಲ್ಲಿ ಕಟ್ಟಿದ ಚರ್ಚು ಅದು, ಆಸ್ಪತ್ರೆಗೆ ಸೇರಿದ್ದು. ಅದರ ಅಟ್ಟದಲ್ಲಿ ಆಸ್ಪತ್ರೆಯ ಔಷಧಿ ತಯಾರಿಸುವವನು ಮೂಲಿಕೆ ಒಣಗಿಸಿ ಇಡುತ್ತಿದ್ದನಂತೆ. ಇವಳಿಗೆ ತವರಿಗೆ ಬಂದಷ್ಟು ಖುಷಿಯಾಯಿತು. ಒಂದೊಂದು ಬುಟ್ಟಿಗೂ ಬಗ್ಗಿ ‘ಇದು ನಮ್ಮ ಸೋಂಪಿನ ಜಾತಿ’ ಎಂದು ಲಂಡನ್ನಿಗೆ ಸರ್ಟಿಫಿಕೇಟು ಕೊಡುತ್ತಾ ಹೋದಳು.

1970ರ ದಶಕದಲ್ಲಿ ಈ ಅಟ್ಟದಲ್ಲಿ ಒಣಗಿದ ಅಫೀಮಿನ ಕಾಯಿಗಳು ಸಿಕ್ಕಿದ್ದವಂತೆ. ಅದನ್ನು ನಾನು ಕನ್ನಡಕ್ಕಿಳಿಸಿ ಹೇಳಿದೆ.

‘ಅಫೀಮಿನ ಕಾಯಿ ಅಂದ್ರೆ ನಮ್ಮ ಗಸಗಸೆ ಕಾಯಲ್ವೇನ್ರೀ?’

‘ಅದೇ.’

‘ಹಾಗಾದ್ರೆ ಇವ್ರು ಗಸಗಸೆ ಪಾಯಸ ಕುಡಿಸಿ, ನಿದ್ದೆ ಬಂದ ಮೇಲೆ ಕೊಯ್ತಿದ್ರು ಅನ್ನಿ!’

ಪೂರ್ತಿ ಸುಳ್ಳೂ ಅಲ್ಲ. ಪ್ರಜ್ಞೆ ತಪ್ಪಿಸುವ ಔಷಧಿ ಬರುವ ಮುಂಚೆ ಕೊಯ್ಯುವವನ ಕೈಯಲ್ಲಿದ್ದದ್ದು ಹೆಂಡ, ಅಫೀಮು, ಇಲ್ಲವೆಂದರೆ ಬರೀ ವೇಗ. ಗಾಜಿನ ಪೆಟ್ಟಿಗೆಗಳಲ್ಲಿ ಆ ವೇಗದ ಸಾಮಾನುಗಳಿದ್ದವು. ತಲೆಬುರುಡೆಗೆ ತೂತು ಕೊರೆಯುವ ಬೈರಿಗೆ, ರಕ್ತ ಹರಿಸುವ ಚಾಕು, ಮೂಳೆ ಕೊಯ್ಯುವ ಗರಗಸ. ನಮ್ಮೂರ ಆಚಾರ್ರ ಕೊಟ್ಟಿಗೆಗೂ ಇದಕ್ಕೂ ಇದ್ದ ವ್ಯತ್ಯಾಸವೆಂದರೆ, ಆಚಾರ್ರು ಕೆಲಸಕ್ಕೆ ಮುಂಚೆ ಕೈ ತೊಳೆಯುತ್ತಾರೆ. ಇಲ್ಲಿನ ಸರ್ಜನ್ನುಗಳು ಕೆಲಸ ಮುಗಿದ ಮೇಲೆ ತೊಳೆಯುತ್ತಿದ್ದರು. ರಕ್ತ ಒಣಗಿ ರಟ್ಟಿನಂತಾದ ಕೋಟು ಅವರಲ್ಲಿ ದೊಡ್ಡಸ್ತಿಕೆಯ ಗುರುತು.

ಗರಗಸದ ಹಲ್ಲು ನೋಡಿದ್ದೇ ಪಕ್ಕೆಯೊಳಗಿನವನು ಇನ್ನೊಮ್ಮೆ ಬಾಗಿಲು ತಟ್ಟಿದ.

ಅಟ್ಟದಿಂದ ಒಳಗೆ ಹೋದರೆ ಥಿಯೇಟರು. ಅದನ್ನು ಥಿಯೇಟರೆಂದು ಯಾಕೆ ಕರೆದರೆಂದು ನನಗೆ ಆ ದಿನ ಗೊತ್ತಾಯಿತು. ನಡುವೆ ಒಂದು ಮರದ ಮೇಜು, ಸುತ್ತ ಕುದುರೆ ಲಾಳದ ಆಕಾರದಲ್ಲಿ ಮೇಲೆ ಮೇಲೆ ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ಒರಗಲು ಒಂದು ಕಟಕಟೆ. ನೆತ್ತಿಯ ಮೇಲೆ ದೊಡ್ಡ ಗಾಜಿನ ಕಿಂಡಿ, ಬೆಳಕಿಗೆ ಇದ್ದದ್ದು ಸೂರ್ಯನಾರಾಯಣ ಒಬ್ಬನೇ. ಮೆಟ್ಟಿಲುಗಳ ತುಂಬ ವಿದ್ಯಾರ್ಥಿಗಳು ಹೆಗಲಿಗೆ ಹೆಗಲು ಒತ್ತಿ ನಿಲ್ಲುತ್ತಿದ್ದರು. ಔಷಧಿ ವ್ಯಾಪಾರ ಕಲಿಯುವವರು ಆಸ್ಪತ್ರೆಯಲ್ಲೂ ಕಲಿಯಬೇಕೆಂದು 1815ರಲ್ಲಿ ಕಾನೂನು ಬಂದಿದ್ದೇ ನೂಕುನುಗ್ಗಲು ಶುರು. ನಮ್ಮ ಕಡೆ ಯಕ್ಷಗಾನಕ್ಕೂ ಜನ ಅಷ್ಟು ಒತ್ತೊತ್ತಾಗಿ ನಿಲ್ಲಲಾರರು.

ಎಪ್ರನ್ ಕಟ್ಟಿಕೊಂಡ, ಆರಡಿ ಎತ್ತರದ ಒಬ್ಬ ಹೆಣ್ಣುಮಗಳು ಬಂದು ಕಥೆ ಶುರು ಮಾಡಿದಳು. ಈ ಥಿಯೇಟರು ಹುಟ್ಟಿದ್ದು 1822ರಲ್ಲಿ. ಚರ್ಚಿಗೆ ಅಂಟಿಕೊಂಡೇ ಹೆಂಗಸರ ವಾರ್ಡು ಇತ್ತು. ಅದಕ್ಕೂ ಮೊದಲು ಉಳಿದ ರೋಗಿಗಳು ಮಲಗಿರುವಂತೆಯೇ ವಾರ್ಡಿನೊಳಗೆ ಕೊಯ್ಯುತ್ತಿದ್ದರು. ಆ ಕೂಗು ಕೇಳಿಸದಿರಲೆಂದು ಅಟ್ಟಕ್ಕೆ ತಂದರು. ವಾರ್ಡೂ ಅಟ್ಟವೂ ಒಂದೇ ಮಟ್ಟದಲ್ಲಿದ್ದರಿಂದ ರೋಗಿಯನ್ನು ಹೊತ್ತು ತರುವುದು ಸುಲಭ. ಇಲ್ಲಿ ಬರುತ್ತಿದ್ದವರೆಲ್ಲ ಬಡವರು. ದುಡ್ಡಿದ್ದವರಿಗೆ ಅವರವರ ಮನೆಯಲ್ಲೇ, ಮೇಜಿನ ಮೇಲೆ ಆಗುತ್ತಿತ್ತು. ನೆಲಕ್ಕೆ ಎರಡು ಪದರ ಹಲಗೆ, ನಡುವೆ ಮರದ ಹೊಟ್ಟು.

‘ಹೊಟ್ಟು ಯಾಕಂತೆ?’ ಎಂದಳು ಇವಳು.

‘ರಕ್ತ ಸೋರಿ ಕೆಳಗೆ ಚರ್ಚಿನಲ್ಲಿ ಪ್ರಾರ್ಥನೆ ಮಾಡುವವರ ತಲೆ ಮೇಲೆ ಬೀಳಬಾರದಲ್ಲ.’

ಮೇಜಿನ ಅಡಿಗೂ ಹೊಟ್ಟು ತುಂಬಿದ ಪೆಟ್ಟಿಗೆ. ರಕ್ತ ಎಲ್ಲಿ ಬೀಳುತ್ತದೋ ಅಲ್ಲಿಗೆ ಸರ್ಜನ್ ಅದನ್ನು ಕಾಲಲ್ಲಿ ಒದ್ದು ಸರಿಸುತ್ತಿದ್ದನಂತೆ.

ಲಂಡನ್ನಿನಲ್ಲಿ ರಾಬರ್ಟ್ ಲಿಸ್ಟನ್ ಎಂಬ ಸರ್ಜನ್ ಈಥರ್ ಮೂಸಿಸಿ ಕಾಲು ಕತ್ತರಿಸಿದ್ದು 1846ರ ಡಿಸೆಂಬರ್ 21ಕ್ಕೆ. ಅಂದರೆ ಈ ಅಟ್ಟದಲ್ಲಿ ಮೊದಲ 24 ವರ್ಷ ಎಲ್ಲರಿಗೂ ಎಚ್ಚರವಿತ್ತು. ರೈಲುದಾರಿಗೆ ಜಾಗ ಬೇಕೆಂದು 1862ರಲ್ಲಿ ಆಸ್ಪತ್ರೆ ಇಲ್ಲಿಂದ ಎದ್ದಿತು, ಅಟ್ಟಕ್ಕೆ ಬೀಗ ಬಿತ್ತು. ಗಾಯ ಕೀವಾಗದಂತೆ ಕಾರ್ಬಾಲಿಕ್ ಆಮ್ಲ ಬಳಸುವುದನ್ನು ಜೋಸೆಫ್ ಲಿಸ್ಟರ್ ಲೋಕಕ್ಕೆ ಸಾರಿದ್ದು 1867ರಲ್ಲಿ, ಅದಾದ ಐದು ವರ್ಷಕ್ಕೆ. ಸುಮಾರು ಒಂದು ಶತಮಾನ ಈ ಕೋಣೆಯನ್ನು ಜನ ಮರೆತೇಬಿಟ್ಟಿದ್ದರು. 1956ರಲ್ಲಿ ರೇಮಂಡ್ ರಸೆಲ್ ಎಂಬವರು ಅಟ್ಟ ಹತ್ತಿ ನೋಡುವವರೆಗೂ. ಮ್ಯೂಸಿಯಂ ಬಾಗಿಲು ತೆರೆದದ್ದು 1962ರಲ್ಲಿ.

ಇಲ್ಲಿಯತನಕ ಎಲ್ಲ ಸರಿಯಿತ್ತು. ಅಷ್ಟರಲ್ಲಿ ಅವಳು ಕಲ್ಲಿನ ವಿಷಯ ತೆಗೆದಳು.

ಹಳೇ ಸೇಂಟ್ ಥಾಮಸ್ಸಿಗೆ ಮೂತ್ರಕೋಶದ ಕಲ್ಲು ತೆಗೆಯುವುದರಲ್ಲಿ ದೊಡ್ಡ ಹೆಸರಂತೆ. ಡೈರಿ ಬರೆದು ಪ್ರಸಿದ್ಧನಾದ ಸ್ಯಾಮ್ಯುಯೆಲ್ ಪೆಪಿಸ್‌ಗೆ 1658ರ ಮಾರ್ಚ್ 26ರಂದು ಕೊಯ್ದು ಕಲ್ಲು ತೆಗೆದವನು ಇದೇ ಆಸ್ಪತ್ರೆಯ ಸರ್ಜನ್ ಥಾಮಸ್ ಹಾಲಿಯರ್. ಕಲ್ಲು ಆ ಕಾಲದ ಟೆನಿಸ್ ಚೆಂಡಿನ ಗಾತ್ರ. ಬದುಕಿ ಉಳಿದ ಪೆಪಿಸ್ ಅದಕ್ಕೊಂದು ಪೆಟ್ಟಿಗೆ ಮಾಡಿಸಿ ಇಟ್ಟುಕೊಂಡ, ವರ್ಷಾವರ್ಷ ಅದೇ ದಿನ ನೆಂಟರನ್ನು ಕರೆದು ಊಟ ಹಾಕಿದ. ಮುಂದಿನ ಶತಮಾನದಲ್ಲಿ ಇದೇ ಆಸ್ಪತ್ರೆಯ ವಿಲಿಯಂ ಚೆಸೆಲ್ಡನ್ ಅದೇ ಕೆಲಸವನ್ನು ಹೆಚ್ಚುಕಡಿಮೆ ಒಂದೇ ನಿಮಿಷದಲ್ಲಿ ಮುಗಿಸುತ್ತಿದ್ದ. ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಿಸಿ ಮೇಲೆತ್ತಿ, ಕೈಗೆ ಕಾಲು ಕಟ್ಟಿ... ಅವಳು ಕೈಯಲ್ಲಿ ತೋರಿಸಿದಳು. ನಾನು ಕಣ್ಣು ಮುಚ್ಚಿದೆ.

ಇವಳು ನನ್ನ ಕಿವಿಯ ಹತ್ತಿರ ಬಂದು, ‘ಏನೋ ಸ್ಟೋನು ಸ್ಟೋನು ಅಂತಿದಾಳೆ, ಏನ್ರೀ ಅದು?’ ಎಂದಳು.

‘ಚರ್ಚಿಗೆ ಯಾವ ಕಲ್ಲು ಹಾಕಿದ್ರು ಅಂತ ಹೇಳ್ತಿದಾಳೆ.’

ಅಷ್ಟು ಹೊತ್ತಿಗೆ ನನಗೆ ಮೆಟ್ಟಿಲ ಮೇಲೆ ನಿಲ್ಲಲೂ ಆಗುತ್ತಿರಲಿಲ್ಲ, ಮುದುಡಿ ಕೂರಲೂ ಆಗುತ್ತಿರಲಿಲ್ಲ. ಕಾಲು ಚಾಚಿ ಬೆನ್ನು ಕೆಳಗೆ ಹಾಕಿದರೆ ಸಾಕು ಎನ್ನಿಸಿತ್ತು. ಆಗಲೇ ಅವಳು ಕೇಳಿದಳು: ‘ಈಗ ಕಾಲು ಕತ್ತರಿಸುವುದು ಹೇಗೆಂದು ತೋರಿಸುತ್ತೇನೆ. ರೋಗಿಯಾಗಲು ಯಾರು ಬರುತ್ತೀರಿ?’

ಐವತ್ತು ಜನರಲ್ಲಿ ಒಬ್ಬರೂ ಮಿಸುಕಲಿಲ್ಲ. ಆ ಇಡೀ ಅಟ್ಟದಲ್ಲಿ ಉದ್ದಕ್ಕೆ ಮಲಗಬಹುದಾದ ಜಾಗ ಒಂದೇ, ಆ ಮೇಜು. ನಾನು ಕೈ ಎತ್ತಿದೆ.

ಚಪ್ಪಾಳೆ ಬಿತ್ತು. ‘ಧೈರ್ಯವಂತರು!’ ಎಂದಳು ಆಕೆ. ಜೀವನದಲ್ಲಿ ಮೊದಲ ಸಲ ಆಪರೇಷನ್ ಥಿಯೇಟರಿನಲ್ಲಿ ನನಗೆ ಆ ಮಾತು ಸಿಕ್ಕಿತು. ಇವಳು ಜುಬ್ಬ ಹಿಡಿದು ಜಗ್ಗಿ, ‘ರೀ, ಇದು ಹೆಂಗಸರ ಥಿಯೇಟರು, ನೀವ್ಯಾಕೆ?’ ಎಂದರೂ ಬಿಡಿಸಿಕೊಂಡು ಹೋಗಿ ಮಲಗಿದೆ. ಬೆನ್ನಿಗೆ ಹಲಗೆ ತಾಗಿದ್ದೇ ಹಾಯೆನಿಸಿತು. ಗೋಡೆಯ ಮೇಲೆ ಲ್ಯಾಟಿನ್ನಿನಲ್ಲಿ ಏನೋ ಬರೆದಿತ್ತು: ಲಾಭಕ್ಕಲ್ಲ, ಕರುಣೆಯಿಂದ ಎಂದು ಅರ್ಥವಂತೆ. ಓದುತ್ತ ಓದುತ್ತ ಒಂದು ಸಣ್ಣ ನಿದ್ದೆ ತೆಗೆದರೂ ಆದೀತು ಎಂದುಕೊಂಡೆ. ಅವಳು ನಾಲ್ಕು ಜನ ತರುಣರನ್ನು ಕರೆದು ನನ್ನ ಕೈ, ಭುಜ, ಕಾಲು ಒತ್ತಿ ಹಿಡಿಯಲು ಹೇಳಿದಳು. ಗರಗಸವನ್ನು ಗಾಳಿಯಲ್ಲೇ ಹಿಡಿದು, ನನ್ನ ಎಡ ತೊಡೆಯಿಂದ ಗೇಣುದ್ದ ಮೇಲೆ, ಒಂದು ಸಲ ಹಿಂದೆ ಮುಂದೆ ಆಡಿಸಿದಳು.

ಸರಿಯಾಗಿ ಆ ಗಳಿಗೆಗೆ ಕಲ್ಲು ಹೊರಟಿತು.

ಕಿಡ್ನಿ ಕಲ್ಲಿನ ನೋವು ಉಂಡವರಿಗೆ ಹೇಳಬೇಕಾಗಿಲ್ಲ, ಉಣ್ಣದವರಿಗೆ ಹೇಳಿ ಪ್ರಯೋಜನವಿಲ್ಲ. ಬೆನ್ನಿನಲ್ಲಿ ಹುಟ್ಟಿ, ಪಕ್ಕೆ ಬಳಸಿ, ತೊಡೆಸಂದಿಗೆ ಇಳಿಯುತ್ತದೆ, ಆಗುಂಬೆ ಘಾಟಿಯಲ್ಲಿ ಬ್ರೇಕು ಹೋದ ಲಾರಿಯ ಹಾಗೆ. ‘ಅಯ್ಯಯ್ಯಪ್ಪಾ! ಸತ್ತೆ ಕಣೇ!’ ಎಂದು ನಾನು ಕೂಗಿದ ಕೂಗಿಗೆ ಆ ಎರಡು ಪದರದ ನೆಲವೂ ಸಾಕಾಗಿರಲಾರದು.

ಚಪ್ಪಾಳೆಯೋ ಚಪ್ಪಾಳೆ. ಯಾರೋ ಶಿಳ್ಳೆ ಹೊಡೆದರು. ನಾನು ಒದ್ದಾಡಿದಷ್ಟೂ ಆ ನಾಲ್ವರು ಪಾತ್ರದೊಳಗೆ ಇಳಿದು ಬಿಗಿಯಾಗಿ ಒತ್ತಿದರು. ಹೇಗೋ ಒಂದು ಕೈ ಕಿತ್ತುಕೊಂಡು ಎಡಸೊಂಟ ಅವುಚಿಕೊಂಡೆ. ಆಕೆ ಬಗ್ಗಿ, ನನ್ನ ಮಂಡಿಯನ್ನು ಮೆಲ್ಲಗೆ ತಟ್ಟಿ, ಬಹಳ ವಿನಯದಿಂದ ಹೇಳಿದಳು: ‘ಸರ್, ಕಾಲು ಇಲ್ಲಿದೆ.’

ಇಡೀ ಥಿಯೇಟರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೊಟ್ಟೆ ಹಿಡಿದುಕೊಂಡೂ ನಗದೆ ಇದ್ದವನು ನಾನೊಬ್ಬನೇ.

ಆಗ ಮೂರನೇ ಮೆಟ್ಟಿಲಿನಿಂದ ಒಂದು ದನಿ ಎದ್ದಿತು. ‘ಸ್ಟಾಪ್! ನಾಟ್ ಲೆಗ್! ಸ್ಟೋನ್! ಹಿ ಹ್ಯಾವ್ ಸ್ಟೋನ್! ಲೆಫ್ಟ್ ಸೈಡ್! ಫೈವ್ ಎಮ್ಮೆಮ್!’

ಮದುವೆಯಾಗಿ 36 ವರ್ಷಗಳಲ್ಲಿ ಇವಳ ಬಾಯಿಂದ ಅಷ್ಟು ಇಂಗ್ಲಿಷ್ ನಾನು ಕೇಳಿರಲಿಲ್ಲ. ಕೆಲವರು ಇದೂ ನಾಟಕದ ಭಾಗವೆಂದುಕೊಂಡು ಇವಳಿಗೂ ಚಪ್ಪಾಳೆ ತಟ್ಟಿದರು. ಆ ನೋವಿನಲ್ಲೂ ನನ್ನ ತಲೆಯೊಳಗೆ ಸುತ್ತುತ್ತಿದ್ದದ್ದು ಒಂದೇ ಪ್ರಶ್ನೆ: ಎಮ್ಮೆಮ್ ಸಮೇತ ಇವಳಿಗೆ ಹೇಗೆ ಗೊತ್ತಾಯಿತು?

ಎಪ್ರನ್ ಹೆಣ್ಣುಮಗಳಿಗೆ ಮೊದಲು ಅರ್ಥವಾಯಿತು. ಪಾಪ, ಗರಗಸ ಎಸೆದು ನೀರು ತಂದಳು, ಹತ್ತು ಸಲ ಕ್ಷಮೆ ಕೇಳಿದಳು. ತಪ್ಪೆಲ್ಲ ನನ್ನದಾದರೂ ಅದನ್ನು ಇಂಗ್ಲಿಷಿನಲ್ಲಿ ಹೇಳುವಷ್ಟು ಉಸಿರಿರಲಿಲ್ಲ. ಮುಂದೆ ಆಕೆ, ಹಿಂದೆ ಇವಳು, ನಡುವೆ ನಾನು. ಆ 52 ಮೆಟ್ಟಿಲನ್ನು ಮಗುವಿನ ಹಾಗೆ ಕೂತು ಕೂತು ಇಳಿದೆ. ಮಗ ಸೊಸೆ ಕಾಫಿ ಲೋಟ ಹಿಡಿದೇ ಓಡಿ ಬಂದರು.

ಆಸ್ಪತ್ರೆಯಲ್ಲಿ, ಅಂದರೆ ಜೀವಂತ ಡಾಕ್ಟರುಗಳಿದ್ದ ಆಸ್ಪತ್ರೆಯಲ್ಲಿ, ಒಬ್ಬ ಹುಡುಗ ಡಾಕ್ಟರು ಕೇಳಿದ: ‘ಹತ್ತಕ್ಕೆ ಎಷ್ಟು ನೋವು?’ ಬ್ಯಾಂಕಿನವನ ಬುದ್ಧಿ ಎಲ್ಲಿ ಹೋದೀತು, ‘8.75’ ಎಂದೆ. ಇಂಜೆಕ್ಷನ್ ಎಂಬ ಶಬ್ದ ಅವನ ಬಾಯಿಂದ ಪೂರ್ತಿ ಹೊರಬೀಳುವ ಮುಂಚೆ ನಾನೇ ಮಗ್ಗುಲಾಗಿ ತಯಾರಾಗಿದ್ದೆ. ಅದು ಏರಿ ಸ್ವಲ್ಪ ಹೊತ್ತಿಗೆ ಲೋಕವೆಲ್ಲ ಗಸಗಸೆ ಪಾಯಸ ಕುಡಿದಂತೆ ಮೆತ್ತಗಾಯಿತು.

‘ಈ ಕಲ್ಲಿನ ವಿಷಯ ನಿಮಗೆ ಮೊದಲೇ ಗೊತ್ತಿತ್ತಾ?’

‘ಇಲ್ಲ,’ ಎಂದೆ ನಾನು.

‘ಏಯ್ಟ್ ಮಂತ್ಸ್,’ ಎಂದಳು ಇವಳು.

ಮಗ ನನ್ನನ್ನು ನೋಡಿದ. ನಾನು ಇವಳನ್ನು ನೋಡಿದೆ. ‘ಹಳೇ ಪೇಪರ್ ಮಾರೋಳು ನಾನು, ನೀವಲ್ಲ,’ ಎಂದಳು. ಎಂಟು ತಿಂಗಳ ಬಾಳೆದಿಂಡೂ ಹುರುಳಿಕಟ್ಟೂ ಸಾಲಾಗಿ ನನ್ನ ಕಣ್ಣ ಮುಂದೆ ಮೆರವಣಿಗೆ ಹೋದವು.

ಕೊಯ್ಯುವುದೇನೂ ಬೇಡ, ಇಷ್ಟು ಸಣ್ಣ ಕಲ್ಲು ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ, ಮೂತ್ರವನ್ನು ಸೋಸಿ ಹಿಡಿಯಿರಿ ಎಂದು ಮಾತ್ರೆ ಕೊಟ್ಟು ಕಳಿಸಿದರು. ಸೋಸಲು ಮನೆಯಲ್ಲಿ ಸಿಕ್ಕಿದ್ದು ಟೀ ಜಾಲರಿ. ಅದು ತೀರ್ಥಹಳ್ಳಿಯಿಂದ ಇವಳು ಆಸೆಪಟ್ಟು ತಂದದ್ದು. ಆ ಬಗ್ಗೆ ಆ ಮನೆಯಲ್ಲಿ ನಡೆದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕನೇ ದಿನ, ಸೆಪ್ಟೆಂಬರ್ 9ರ ಬೆಳಗಿನ ಜಾವ, ಜಾಲರಿಯಲ್ಲಿ ‘ಟಿಣ್’ ಎಂದಿತು.

ನನ್ನನ್ನು ಮೇಜಿನ ಮೇಲೆ ಕುಣಿಸಿದ ಆ ಮಹಾಶಯನನ್ನು ಬೆರಳ ತುದಿಯ ಮೇಲಿಟ್ಟು ದೀಪದ ಬುಡದಲ್ಲಿ ನೋಡಿದೆ. ಕಂದು ಬಣ್ಣ, ಮೈತುಂಬ ಮುಳ್ಳು, ಒಡೆದ ತೊಗರಿಬೇಳೆಯ ನುಚ್ಚಿನಷ್ಟು. ಪೆಪಿಸನ ಟೆನಿಸ್ ಚೆಂಡನ್ನು ನೆನೆಸಿಕೊಂಡು ಒಂಚೂರು ಅವಮಾನವೂ ಆಯಿತು. ಆದರೂ ಅವನ ಸಂಪ್ರದಾಯ ಬಿಡಬಾರದೆಂದು ಇವಳ ಖಾಲಿ ಕುಂಕುಮದ ಭರಣಿಯಲ್ಲಿ ಹತ್ತಿ ಹಾಸಿ ಇಟ್ಟೆ. ಟೀ ಜಾಲರಿ ಕಸಕ್ಕೆ ಹೋಯಿತು.

ಊರಿಗೆ ಬಂದು ವರ್ಷ ತುಂಬಿತು. ಮೊನ್ನೆ ಸೆಪ್ಟೆಂಬರ್ 9ಕ್ಕೆ, ‘ಪೆಪಿಸನ ಹಾಗೆ ನಾವೂ ಒಂದು ಊಟ ಇಟ್ಕೊಳ್ಳೋಣ ಕಣೇ,’ ಎಂದೆ. ‘ಆಗಲಿ’ ಎಂದು ಒಪ್ಪಿದ ವೇಗಕ್ಕೆ ನನಗೆ ಎಚ್ಚರವಾಗಬೇಕಿತ್ತು. ಎಲೆ ಹಾಕಿದಳು. ತುದಿಗೆ ಬಾಳೆದಿಂಡಿನ ಕೋಸಂಬರಿ ಬಂತು. ಪಕ್ಕಕ್ಕೆ ಬಾಳೆದಿಂಡಿನ ಪಲ್ಯ. ಅನ್ನದ ಮೇಲೆ ಹುರುಳಿಕಟ್ಟಿನ ಸಾರು.

‘ಕಲ್ಲು ಹೋಗಿ ವರ್ಷ ಆಯ್ತಲ್ಲೇ, ಇನ್ನೂ ಯಾಕೆ ಇದೆಲ್ಲ?’

ಇವಳು ಇನ್ನೊಂದು ಸೌಟು ಸಾರು ಬಡಿಸಿದಳು.

‘ಬಲಗಡೇದು ಮೂರು ಎಮ್ಮೆಮ್ ಅಂತ ಇತ್ತಲ್ರೀ,’ ಎಂದಳು. ‘ಸೂಟ್‌ಕೇಸನ್ನ ಬಿಸಿಲಿಗೆ ಹಾಕೋಳೂ ನಾನೇ.’